ಬೇಲಿಯಾಚೆ ನಿಂತ ಎಕ್ಸ್‌ಚೇಂಜ್ ಸಾರ್

ಅವರ ಬಲಗಿವಿ ಎಡಗಿವಿಗಿಂತ ಚಪ್ಪಟೆಯಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸರ್ವೀಸ್ ಪೂರ್ತಿ ರಿಸೀವರ್ ಒತ್ತಿ ಒತ್ತಿ ಹಾಗಾಗಿದೆ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಸಾರಕ್ಕಿ ಸಿಗ್ನಲ್ ಹತ್ತಿರದ ನನ್ನ ಹಳೇ ಕಂಪ್ಯೂಟರ್ ಅಂಗಡಿಗೆ ಬಂದರೆ ಮೊದಲ ಕೆಲಸ, ಆ ಕಿವಿಯನ್ನು ಕ್ಯಾಬಿನೆಟ್ಟಿಗೆ ಆನಿಸಿ ಫ್ಯಾನಿನ ಸದ್ದು ಕೇಳುವುದು. ಆಮೇಲೆ, ರೇಟು ಕೇಳುವ ಮುಂಚೆಯೇ ಮುಖ ಸಿಂಡರಿಸುವುದು. ಹಳೇ ಸಾಮಾನು ಕೊಳ್ಳುವವರು ಇದನ್ನು ಕಲಿಯಬೇಕು: ಇಷ್ಟವಾದದ್ದನ್ನು ಮುಖದಲ್ಲಿ ತೋರಿಸಿದಿರೋ, ಕೆಟ್ಟಿರಿ.

ನಾನು ಅವರನ್ನು ಎಕ್ಸ್‌ಚೇಂಜ್ ಸಾರ್ ಅಂತಿದ್ದೆ. ಮನೆ ತ್ಯಾಗರಾಜನಗರ. ಕೇಳದಿದ್ದರೂ ಸಲಹೆ ಕೊಡುವುದು ಅವರ ಅಭ್ಯಾಸ. ಆಟೋದವನಿಗೆ ಗೇರು ಬದಲಾಯಿಸುವುದು ಹೇಗೆ, ಪಕ್ಕದ ಬೇಕರಿಯವನಿಗೆ ಪಫ್ಸಿಗೆ ಉಪ್ಪು ಎಷ್ಟು, ನನಗೆ ಬೋರ್ಡಿನ ಬಣ್ಣ ಯಾವುದು. ನನ್ನದೂ ಅದೇ ಗುಣವಾದ್ದರಿಂದ ಹೊಂದಿಕೊಂಡೆವು.

ಅವರ ಹೆಂಡತಿ, ಬ್ಯಾಂಕಿನಿಂದ ನಿವೃತ್ತರಾದ ಮೇಡಂ, ಸಂಜೆ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದರು. ಬೆಟ್ಟದ ಮೇಲೊಂದು ಮನೆ, ತೋಟ, ಬೇಲಿ, ಆಚೆ ಒಬ್ಬ ಕುರಿಗಾಹಿ. ಒಬ್ಬರೇ ಆಡುವ ಆಟ, ಇನ್ನೊಬ್ಬರಿಗೆ ಜಾಗವಿಲ್ಲ. ಆದರೆ ಇಂಥ ಆಟಗಳನ್ನು ಮೆಚ್ಚಿದವರು ತಾವೇ ಕೂತು, ಬೇರೆ ಕಂಪ್ಯೂಟರಿನಿಂದ ಇನ್ನೊಬ್ಬರೂ ಒಳಗೆ ಬರುವ ಹಾಗೆ ಜೋಡಣೆ ಮಾಡುತ್ತಾರೆ. ಅದಕ್ಕೆ ಮಾಡ್ ಅನ್ನುತ್ತಾರೆ. ಈ ಆಟಕ್ಕೂ ಎಲ್ಲೆಲ್ಲಿಯದೋ ಹುಡುಗರು ಇಂಟರ್ನೆಟ್ಟಿನಲ್ಲಿ ಸೇರಿ ಅದನ್ನು ಮಾಡುತ್ತಿದ್ದರು. ಸಾರ್ ಆ ಗುಂಪಿಗೆ ಸೇರಿಕೊಂಡರು. ಇಬ್ಬರ ನಡುವೆ ಲೈನ್ ಕೂಡಿಸುವುದು ಅವರ ಕಸುಬೇ ತಾನೇ. ಆಟದಲ್ಲಿ ಎರಡನೆಯವರಿಗೆ ಅಂತ ಮೈಯೇ ಇರಲಿಲ್ಲ. ಕುರಿಗಾಹಿಯ ಮೈಯನ್ನೇ ಎರವಲು ಕೊಟ್ಟರು. ಈ ಮಾಡನ್ನ ಮಾರಿ ಸಾರ್, ಗಿರಾಕಿ ನಾನು ತರ್ತೀನಿ ಅಂದೆ. ಆಟ ಕಂಪನಿಯದು, ನಾವು ಮಾರಿದ ದಿನವೇ ನಿಲ್ಲಿಸ್ತಾರೆ ಅಂದರು.

ನನ್ನಿಂದ ಇನ್ನೊಂದು ಕಂಪ್ಯೂಟರ್ ಒಯ್ದು ಒಳಕೋಣೆಯಲ್ಲಿಟ್ಟರು. ಮೇಡಂ ಗಾಂಧಿಬಜಾರಿಗೆ ಹೋಗಿದ್ದಾಗ, ಅವರನ್ನು ಕೇಳದೆ, ಅವರ ಕಂಪ್ಯೂಟರಿಗೂ ಮಾಡ್ ಹಾಕಿದರು. ಸಂಜೆ ಮೇಡಂ ಆಟ ತೆರೆದರೆ ತೋಟದಲ್ಲಿ ಕುರಿಗಾಹಿ ಓಡಾಡುತ್ತಿದ್ದಾನೆ, ಅವನ ತಲೆಯ ಮೇಲೆ ಅಕ್ಷರ ಮೂಡುತ್ತಿದೆ: ಬೇಲಿ ಸೊಟ್ಟಗಿದೆ. ಕುಂಬಳಕ್ಕೆ ನೀರು ಜಾಸ್ತಿಯಾಯ್ತು.

ಮರುದಿನ ಮೇಡಂ ಆಟೋದಲ್ಲಿ ಕ್ಯಾಬಿನೆಟ್ ಹೇರಿಕೊಂಡು ಅಂಗಡಿಗೆ ಬಂದರು. ಹಿಂದೆಯೇ ಸಾರ್.

"ಇದನ್ನ ತೆಗೆದುಹಾಕಪ್ಪ," ಅಂದರು ಮೇಡಂ. "ಇವರಿಲ್ಲದ ಜಾಗ ಅಂತ ನನಗಿದ್ದಿದ್ದು ಅದೊಂದೇ. ಅಲ್ಲಿಗೂ ಗೋಡೆ ಕೊರ್ಕೊಂಡು ಬಂದ್ರು."

"ಜೊತೆಗಿರೋಣ ಅಂತ ಕಣೇ," ಅಂದರು ಸಾರ್.

"ಜೊತೆಗಿರೋಕೆ ಬಂದ್ರೋ, ಇನ್‌ಸ್ಪೆಕ್ಷನ್‌ಗೆ ಬಂದ್ರೋ?"

ಸಾರ್ ಪಕ್ಕದ ಬೇಕರಿಯ ಕಡೆ ನಡೆದರು. ತೆಗೆದುಹಾಕಿದೆ. ಅಂಗಡಿಯವನು ಗಂಡ ಹೆಂಡತಿಯ ನಡುವೆ ಪಂಚಾಯಿತಿಗೆ ಕೂರಬಾರದು, ಇಬ್ಬರೂ ಗಿರಾಕಿಗಳೇ.

ಕೆಲವು ವಾರಗಳಲ್ಲಿ ಸಾರ್ ಆ ಮಾಡನ್ನೇ ತಿದ್ದಿದರು. ಈಗ ಬಂದವನು ಬೇಲಿಯಾಚೆ ನಿಲ್ಲಬೇಕು. ಗಂಟೆ ಬಾರಿಸಬಹುದು, ಮಾತು ಬರೆಯುವಂತಿಲ್ಲ. ಮನೆಯವರು ಕರೆದರೆ ಮಾತ್ರ ಒಳಗೆ. ಆಟ ಆಡೋಕೆ ಬಂದು ಗೇಟಲ್ಲಿ ಕಾಯೋರು ಯಾರು ಅಂತ ಗುಂಪಿನ ಹುಡುಗರು ನಕ್ಕರಂತೆ. ನಾನೂ ಬುದ್ಧಿ ಹೇಳಿದೆ: ಒಂದು ಸೀರೆ ಕೊಡಿಸಿ ಸಾರ್, ಮುಗೀತು.

"ಸೀರೆ ಕೊಟ್ರೆ ತಗೋತಾಳೆ," ಅಂದರು. "ಬಾಗಿಲು ತೆಗೀಬೇಕಲ್ಲಪ್ಪ. ಲೈನ್ ಎಷ್ಟೇ ಚೆನ್ನಾಗಿರಲಿ, ಆ ಕಡೆಯವರು ಎತ್ತಬೇಕು."

ಈ ಸಲ ಕೇಳಿಯೇ ಹಾಕಿದರು. ಹಾಕ್ಕೊಳ್ಳಿ, ಬಾಗಿಲು ತೆಗೀತೀನಿ ಅಂತ ಹೇಳಿಲ್ಲ, ಅಂದರಂತೆ ಮೇಡಂ. ಆಮೇಲೆ ಸಾರ್ ಅಂಗಡಿಗೆ ಬಂದಾಗಲೆಲ್ಲ, ತೆಗೆದ್ರಾ ಅಂತ ಕೇಳುತ್ತಿದ್ದೆ. ಹೌದೋ ಅಲ್ಲವೋ ತಿಳಿಯದ ಹಾಗೆ ತಲೆ ಆಡಿಸುತ್ತಿದ್ದರು. ಮಳೆಗಾಲ ಕಳೆಯಿತು. ಒಂದು ದಿನ ಬೇಕರಿಯಲ್ಲಿ ಪಫ್ಸ್ ತಿಂದು, ಉಪ್ಪಿನ ಸುದ್ದಿಯೆತ್ತದೆ ಹೋದರು. ಸಾರ್‌ಗೆ ಹುಷಾರಿಲ್ವಾ ಗುರು ಅಂತ ಬೇಕರಿಯವನು ಬಂದು ನನ್ನನ್ನು ಕೇಳಿದ. ಆಗ ಹುಷಾರಾಗಿಯೇ ಇದ್ದರು. ಹೋದದ್ದು ಯುಗಾದಿಗೆ ಮುಂಚೆ, ಹೃದಯಾಘಾತದಿಂದ, ಆಸ್ಪತ್ರೆಯ ದಾರಿಯಲ್ಲಿ.

ವೈಕುಂಠ ಸಮಾರಾಧನೆ ಕಳೆದ ಮೇಲೆ, ಒಳಕೋಣೆಯ ಕಂಪ್ಯೂಟರ್ ವಾಪಸ್ ಕೊಳ್ಳೋಣ ಅಂತ ಹೋದೆ. ಸಾವಿನ ಮನೆಯಲ್ಲಿ ವ್ಯಾಪಾರವೇ ಅನ್ನಬೇಡಿ. ಸುಮ್ಮನೆ ಬಿದ್ದ ಯಂತ್ರಕ್ಕೆ ದಿನೇ ದಿನೇ ಬೆಲೆ ಇಳಿಯುತ್ತದೆ, ಬೇಗ ಮಾರುವುದೇ ಲಾಭ. ನೋಡಿದರೆ ಅದು ಆನ್ ಆಗಿಯೇ ಇತ್ತು. ಮೇಡಂ ಆಟ ತೆರೆದ ಕೂಡಲೇ ಅದು ತಾನಾಗಿ ಗಂಟೆ ಬಾರಿಸುವ ಹಾಗೆ ಸಾರ್ ಕಟ್ಟಿಟ್ಟಿದ್ದರು.

ಕೊನೆಗೂ ಕರೆದಿದ್ರಾ ಅಂತ ಕೇಳಿದೆ.

"ಕರೆದೆ. ದಸರಾ ಹೊತ್ತಿಗೆ," ಅಂದರು ಮೇಡಂ. "ಒಳಗೆ ಬಂದ ಮೇಲೆ ಮಾತು ಬರೀಬಹುದಿತ್ತು. ಬರೀಲಿಲ್ಲ. ಬೇಲಿ ಹಾಗೇ ಸೊಟ್ಟಗಿತ್ತು, ಸುಮ್ಮನೆ ನನ್ನ ಹಿಂದೆ ಓಡಾಡಿದ್ರು. ಆಮೇಲೆ ದಿನಾ ಕರೀತಿದ್ದೆ."

ತೆರೆದು ತೋರಿಸಿದರು. ಗಂಟೆ ಬಾರಿಸಿತು. ಬೇಲಿಯಾಚೆ ಕುರಿಗಾಹಿ ನಿಂತಿದ್ದ. ಮೇಡಂ ಕರೆದರು. ಅವನು ಬಾಗಿಲೊಳಗೆ ಬಂದು, ನಡೆಸುವವರಿಲ್ಲದೆ, ಅಲ್ಲೇ ನಿಂತ. ಮೇಡಂ ತೋಟಕ್ಕೆ ನೀರು ಹಾಯಿಸತೊಡಗಿದರು.

"ಕರೆಂಟ್ ಹೋದ್ರೆ ಮಾತ್ರ ಮಾಯ ಆಗ್ತಾರೆ," ಅಂದರು.

ಮರುದಿನ ಹೋಗಿ ಎರಡೂ ಕೋಣೆಗೆ ಯುಪಿಎಸ್ ಜೋಡಿಸಿ ಬಂದೆ. ಬ್ಯಾಟರಿ ಹೊಸದೇ ಹಾಕಿದೆ. ಹಳೇದನ್ನು ನಂಬುವ ಹಾಗಿಲ್ಲ.