ಭಾವನ ಕಾರಿಗೆ ನಾನು ಮಾಡಿದ್ದು

ಭಾವ, ಅಮ್ಮನ ಕಾಲು ಮುರಿದದ್ದು ನಿಮ್ಮಿಂದಲ್ಲ, ನನ್ನಿಂದ. ನಿಮ್ಮ ರಿಮೋಟ್ ಕಾರನ್ನು ಕೆಡಿಸಿದವನು ನಾನು. ಕೈತಪ್ಪಿ ಅಲ್ಲ, ಬೇಕೆಂದೇ. ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂದು ಇದನ್ನು ಹೇಳುತ್ತಿದ್ದೇನೆ ಅಂತ ಮಾತ್ರ ತಿಳಿಯಬೇಡಿ — ನಿಮ್ಮನ್ನು ಕಂಡರೆ ನನಗೆ ಅವತ್ತೂ ಆಗುತ್ತಿರಲಿಲ್ಲ, ಇವತ್ತೂ ಆಗುವುದಿಲ್ಲ.

ಈ ರಿಮೋಟ್ ಕಾರಿನ ಹುಚ್ಚು ನನಗೆ ಹತ್ತಿಸಿದವರು ನೀವೇ. ಅಕ್ಕನನ್ನು ಮದುವೆಯಾಗಿ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ಗೆ ಕರೆದುಕೊಂಡು ಹೋದ ಮೇಲೆ, ಭಾನುವಾರ ಬಂತೆಂದರೆ ನನ್ನನ್ನೂ ಸೈನೈಡ್ ದಿಬ್ಬಕ್ಕೆ ಎಳೆಯುತ್ತಿದ್ದಿರಿ. ಗಣಿಯ ಪುಡಿಮಣ್ಣು ಸುರಿದು ಬೆಳೆದ ಆ ದಿಬ್ಬದ ಮೇಲೆ ನಿಮ್ಮ ಗೆಳೆಯರೆಲ್ಲ ಕಾರು ಓಡಿಸುವವರು. ವಾರವೆಲ್ಲ ಬೆಂಗಳೂರು ರೈಲಿನಲ್ಲಿ ನೇತಾಡುವ ನಿಮಗೆ ಒಂದು ವೈರು ಬೆಸೆಯಲು ಬರುತ್ತಿರಲಿಲ್ಲ. ನಿಮ್ಮ ಕಾರಿಗೆ ದೊಡ್ಡ ಮೋಟಾರ್ ಕೂರಿಸಿದ್ದು, ಗೇರ್ ಬದಲಿಸಿದ್ದು, ಸ್ಪ್ರಿಂಗ್ ಬಿಗಿ ಮಾಡಿದ್ದು ಎಲ್ಲ ನಾನು — ಡೈರಿಗೆ ಹಾಲು ಹಾಕಿ ಬಂದು, ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ಕೂತು. ಗೆಳೆಯರು ಕೇಳಿದರೆ ಎಲ್ಲ ನಿಮ್ಮದೇ ಕೈಚಳಕ.

ಅದನ್ನೂ ನುಂಗಿಕೊಂಡಿದ್ದೆ. ಆದರೆ ಒಂದು ದಿನ ನನ್ನ ಕಾರು ಮಣ್ಣಲ್ಲಿ ಹೂತು ನಿಂತಾಗ ಎಲ್ಲರ ಮುಂದೆ ಅಂದಿರಿ — “ಏನ್ ಮಚ್ಚಾ, ಇದ್ಕಿಂತ ನಿನ್ ಎಮ್ಮೆನೇ ಜೋರಾಗ್ ಓಡ್ತದಲ್ಲಾ!” ದಿಬ್ಬವೆಲ್ಲ ನಕ್ಕಿತು. ನಾನೂ ಹಲ್ಲು ಕಿರಿದೆ. ಆದರೆ ಆ ಮಾತನ್ನು ನುಂಗಲು ಮಾತ್ರ ಆಗಲಿಲ್ಲ.

ಅದೇ ವಾರ ರಿಮೋಟಿನ ಸಿಗ್ನಲ್ ಹಿಡಿಯುವ ಹೊಸ ರಿಸೀವರ್ ಹಾಕಿಕೊಡು ಅಂತ ಕಾರನ್ನು ನನ್ನ ಕೈಗೆ ಕೊಟ್ಟಿರಿ. ರಿಮೋಟನ್ನೂ ರಿಸೀವರನ್ನೂ ಜೋಡಿ ಮಾಡುವಾಗ ಕಾರು ಓಡಿಸುವ ಟ್ರಿಗರ್ ಮುಟ್ಟಬಾರದು. ಹಾಗೆ ಜೋಡಿ ಮಾಡಿದ್ದರೆ, ಮುಂದೆ ಸಿಗ್ನಲ್ ತಪ್ಪಿದಾಗ ಕಾರು ತಾನಾಗಿ ನಿಲ್ಲುತ್ತದೆ. ನಾನು ಟ್ರಿಗರ್ ಎಳೆದು ಹಿಡಿದುಕೊಂಡೇ ಜೋಡಿ ಮಾಡಿದೆ — ಸಿಗ್ನಲ್ ತಪ್ಪಿದರೆ ನಿಲ್ಲದೆ ನುಗ್ಗಲಿ ಅಂತ. ಜಂಬಕ್ಕೆ ನೀವು ಯಾವಾಗಲೂ ದೂರ ಓಡಿಸುವವರು. ದಿಬ್ಬದಾಚೆಯ ಕೊರಕಲಿಗೆ ಬಿದ್ದು ಚೂರಾಗಲಿ, ನಿಮ್ಮನ್ನು ನೋಡಿಯೂ ಜನ ನಗಲಿ — ಅಷ್ಟೇ ನನಗೆ ಬೇಕಿದ್ದದ್ದು. ಅಷ್ಟೇ ಅನ್ನುತ್ತಿದ್ದೇನೆ ನೋಡಿ, ನಾಚಿಕೆಗೆಟ್ಟವನು.

ಭಾನುವಾರ ಕಾರು ಒಯ್ಯಲು ಅಕ್ಕನ ಜೊತೆ ಊರಿಗೆ ಬಂದಿರಿ. ನೀವೂ ನಾನೂ ದಿಬ್ಬಕ್ಕೆ ಹೊರಟಿದ್ದೆವು. ಅಮ್ಮ ತಡೆದಳು — “ಅಳಿಯಂದ್ರೆ, ಯಾವಾಗ್ಲೂ ಆ ದಿಬ್ಬದ್ ಮ್ಯಾಲೇನಾ? ನಮ್ಮನೆ ಮುಂದೂ ಒಂಚೂರು ಓಡ್ಸಿ, ನಾನೂ ನೋಡ್ತೀನಿ.”

ಓಡಿಸುವ ಮುಂಚೆ ಕಾರನ್ನು ಕೈಯಲ್ಲಿ ಎತ್ತಿ ಹಿಡಿದು, ಒಂದು ಸಲ ರಿಮೋಟ್ ಆರಿಸಿ, ಚಕ್ರ ನಿಲ್ಲುತ್ತದೋ ಇಲ್ಲವೋ ನೋಡುವುದು ನಮ್ಮೆಲ್ಲರ ರೂಢಿ. ನೀವು ಅದನ್ನು ಒಮ್ಮೆಯೂ ತಪ್ಪಿಸಿದವರಲ್ಲ; ಸಿಟ್ಟಿನಲ್ಲಿ ಕಾರು ಕೆಡಿಸುವಾಗ ನನಗೆ ಅದು ಹೊಳೆದೇ ಇರಲಿಲ್ಲ. ಅವತ್ತು ಮಾತ್ರ ನಕ್ಕು, “ನಿನ್ ಕೈಯಿಂದ ಬಂದಿರೋ ಗಾಡಿ ಮಚ್ಚಾ, ಚೆಕ್ ಏನಕ್ಕೆ?” ಅಂದಿರಿ. ಹಾಳಾದ್ದು, ಅವತ್ತೇ ನನ್ನನ್ನು ನಂಬಬೇಕಿತ್ತೇ ನೀವು! ಆಗಲೇ ಬಾಯಿ ಬಿಡಬಹುದಿತ್ತು. ಅಂಗಳ ಚಿಕ್ಕದು, ಸಿಗ್ನಲ್ ಎಲ್ಲಿ ತಪ್ಪುತ್ತದೆ ಅಂದುಕೊಂಡೆ — ಇಲ್ಲ, ಅದೂ ಸುಳ್ಳು. ನಿಮ್ಮೆದುರು ತಲೆ ತಗ್ಗಿಸುವುದು ನನಗೆ ಬೇಕಿರಲಿಲ್ಲ.

ಕಾರು ಚೆನ್ನಾಗಿಯೇ ಓಡಿತು. ಅಮ್ಮ ಬಾಯಿ ತುಂಬ ನಕ್ಕು ಎಮ್ಮೆಗೆ ನೀರಿಡಲು ಕೊಟ್ಟಿಗೆಗೆ ಹೋದಳು. ಅಕ್ಕ ಒಳಗಿನಿಂದ ಊಟಕ್ಕೆ ಕೂಗಿದಳು. ಮೊದಲು ಕಾರು ಆರಿಸಬೇಕು, ಆಮೇಲೆ ರಿಮೋಟ್. ನೀವು ಅವಸರದಲ್ಲಿ ರಿಮೋಟ್ ಮೊದಲು ಆರಿಸಿದಿರಿ. ಕಬ್ಬಿಣದ ತುಂಡಿನಂಥ ಆ ಭಾರದ ಕಾರು ಒಮ್ಮೆಲೇ ನುಗ್ಗಿ, ಬಕೆಟ್ ಹಿಡಿದು ಹೊರಗೆ ಬರುತ್ತಿದ್ದ ಅಮ್ಮನ ಕಾಲಿಗೆ ಬಡಿಯಿತು. ಅವಳು ಚಪ್ಪಡಿ ಕಲ್ಲಿನ ಮೇಲೆ ಬಿದ್ದಳು. ಏನಾಯಿತು, ಯಾರಿಂದ ಆಯಿತು ಅಂತ ಆ ಕ್ಷಣವೇ ನನಗೆ ಗೊತ್ತಿತ್ತು.

ಗೊತ್ತಿದ್ದೂ ಕೂಗಿದೆ — “ರಿಮೋಟ್ ಮೊದ್ಲು ಆಫ್ ಮಾಡ್ತಾರೇನ್ಲಾ? ನಮ್ಮಮ್ಮನ್ ಕಾಲು ಮುರ್ದಾಕ್ಬುಟ್ಟಲ್ಲೋ! ಓಗ್ಲಾ, ಇನ್ನ ಈ ಮನೆ ಮೆಟ್ಲು ತುಳೀಬ್ಯಾಡ!” ಅಕ್ಕನ ಗಂಡನಿಗೆ, ಊರು ನೆರೆದು ನೋಡುತ್ತಿರುವಾಗ, ಲಾ ಅಂದೆ. ನೀವು ತಿರುಗಿ ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ನೀವೋ ಅಮ್ಮನ ಕಾಲ ಬಳಿ ಕುಸಿದು, “ನಂದೇ ತಪ್ಪು ಅತ್ತೆ” ಅಂತ ಅತ್ತಿರಿ. ಭಾವ, ನಾನು ಸರಿಯಾಗಿ ಜೋಡಿಸಿದ್ದರೆ ನೀವು ರಿಮೋಟ್ ಆರಿಸಿದರೂ ಕಾರು ನಿಂತಲ್ಲೇ ನಿಂತಿರುತ್ತಿತ್ತು.

ಆಮೇಲೆ ನೀವು ಕಾರು ಮುಟ್ಟಲಿಲ್ಲವಂತೆ. ಗಂಡನಿಗಿಲ್ಲದ ತವರು ನನಗೂ ಬೇಡ ಅಂತ ಅಕ್ಕ ಬರುವುದನ್ನೇ ಬಿಟ್ಟಳು. ವರ್ಷಗಳು ಹೋದವು. ಹಬ್ಬ ಬಂದರೆ ಅಮ್ಮ ನಿಮ್ಮ ಕಡೆಯಿಂದ ಬರುವ ಕಾಮಸಮುದ್ರದ ಬಸ್ಸು ನಿಲ್ಲುವ ಕಡೆ ಮುಖ ಮಾಡಿ ಕೂರುತ್ತಾಳೆ. ನಾನು ನೋಡಿಕೊಂಡು ಸುಮ್ಮನಿದ್ದೆ. ನಿಮ್ಮ ಜಂಬ ಮುರಿಯಿತಲ್ಲ ಅಂತ ಕೆಲವು ಸಲ ಖುಷಿಯೂ — ಹೌದು, ಖುಷಿಯೂ ಪಟ್ಟಿದ್ದೇನೆ.

ನಿನ್ನೆ ಅಮ್ಮ ಕರೆದು, “ಅಳಿಯಂದ್ರುನ್ನ ನಾನ್ ಕ್ಷಮಿಸ್ಬುಟ್ಟಿದೀನಿ ಅಂತ ಓಗಿ ಏಳ್ಲಾ, ಇಬ್ರುನ್ನೂ ಕರ್ಕೊಂಡ್ ಬಾ” ಅಂದಳು. ನೀವು ಮಾಡದ ತಪ್ಪಿಗೆ ಅಮ್ಮನ ಕ್ಷಮೆ! ಅದನ್ನು ಹೊತ್ತು ತಂದು ನಿಮ್ಮ ಕೈಗೆ ಕೊಡಲು ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಅವಳ ಮುಂದೆ ಹೇಳಿಬಿಟ್ಟೆ.

“ಕಾಲು ಓದ್ರೆ ಓಗ್ಲಿ. ನನ್ ಮಗಳನ್ನ ಯಾಕ್ಲಾ ದೂರ ಮಾಡ್ದೆ?” ಅಂದಳು. ಏಳಿಸಲು ಕೈ ಚಾಚಿದೆ. “ಮುಟ್ಬ್ಯಾಡ” ಅಂದು ಗೋಡೆ ಹಿಡಿದು ತಾನೇ ಎದ್ದಳು.

ಬರೆದು ತಪ್ಪಿಸಿಕೊಳ್ಳುವುದಿಲ್ಲ, ಭಾವ. ಭಾನುವಾರ ನಿಮ್ಮ ಬಾಗಿಲಿಗೆ ಬಂದು ಇದನ್ನೇ ನಿಮ್ಮ ಲೈನು ಮನೆಗಳ ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಬೈಯಿರಿ, ಹೊಡೆಯಿರಿ. ಕ್ಷಮಿಸಿ ಅಂತ ಕೇಳುವುದಿಲ್ಲ — ನಿಮ್ಮಿಂದ ಕ್ಷಮೆ ಪಡೆಯುವಷ್ಟು ನಾನಿನ್ನೂ ನಿಮ್ಮನ್ನು ಇಷ್ಟಪಟ್ಟಿಲ್ಲ. ಅಕ್ಕನನ್ನು ಕರೆದುಕೊಂಡು ಅಮ್ಮನ ಹತ್ತಿರ ಹೋಗಿ. ನೀವು ಅಲ್ಲಿರುವಷ್ಟು ದಿನ ನಾನು ಕೊಟ್ಟಿಗೆಯಲ್ಲಿ ಮಲಗುತ್ತೇನೆ. ಊಟಕ್ಕೆ ಕರೆದರೂ ಒಳಗೆ ಬರುವುದಿಲ್ಲ.