‘ರೈಟ್’ ಅಂದವರು ಯಾರು

ಆ ದಿನ ಬಸ್ಸಿನಲ್ಲಿ ‘ರೈಟ್’ ಅಂದವನು ನಾನೇ ಇರಬಹುದು. ಅಲ್ಲದೆಯೂ ಇರಬಹುದು. ನನ್ನ ನೆನಪಿನಲ್ಲಿ ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಸುಮ್ಮನೆ ಕೂತಿದ್ದೇನೆ. ಆದರೆ ನನ್ನ ನೆನಪುಗಳಲ್ಲಿ ನಾನು ಯಾವಾಗಲೂ ಸುಮ್ಮನೆಯೇ ಕೂತಿರುತ್ತೇನೆ, ತಪ್ಪುಗಳನ್ನೆಲ್ಲ ಬೇರೆಯವರು ಮಾಡುತ್ತಿರುತ್ತಾರೆ. ಹಾಗಾಗಿ ನಂಬುವುದು ಕಷ್ಟ. ಎಲ್ಲರೂ ಒಪ್ಪುವುದು ಇಷ್ಟನ್ನೇ: ಯಾರೋ ‘ರೈಟ್’ ಅಂದರು, ಬಸ್ಸು ಹೊರಟಿತು, ನಮ್ಮ ಕನ್ನಡ ವಿಭಾಗದ ಮುಖ್ಯಸ್ಥರು ಹಳೇಬೀಡಿನಲ್ಲೇ ಉಳಿದರು.

ಆಗ ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಈಗಲೂ ಅದೇ. ಅತಿಥಿ ಎಂದರೆ ‘ಇನ್ನೂ ಇರ್ತೀರಾ?’ ಎಂದು ಮನೆಯವರು ವರ್ಷಕ್ಕೊಮ್ಮೆ ಕೇಳುವ ನೆಂಟ. ಮುಂದಿನ ವರ್ಷವೂ ಈತ ಬೇಕು ಎಂದು ಮುಖ್ಯಸ್ಥರು ಸಹಿ ಹಾಕಿದರೆ ಕೆಲಸ, ಇಲ್ಲದಿದ್ದರೆ ಮನೆ.

ಮೊದಲ ವರ್ಷದ ಬಿ.ಎ. ಮಕ್ಕಳಿಗಿದ್ದ ಸಾಹಿತ್ಯ ಪ್ರವೇಶದ ಪಾಠವನ್ನು ಮುಖ್ಯಸ್ಥರೂ ನಾನೂ ಹಂಚಿಕೊಂಡಿದ್ದೆವು. ಮಹಾಕಾವ್ಯ, ಅದರ ಹದಿನೆಂಟು ವರ್ಣನೆಗಳು, ರಸ, ಅಲಂಕಾರ ಅವರ ಪಾಲು. ಹೊಸ ವಿಮರ್ಶೆಯ ಸಿದ್ಧಾಂತಗಳು ನನ್ನ ಪಾಲು. ‘ಕವಿಯ ಉದ್ದೇಶ ಏನು ಅಂತ ಮೊದಲು ಹಿಡೀರಿ’ ಎಂದು ಹೇಳಿ ಅವರು ಹೊರಗೆ ಹೋಗುತ್ತಿದ್ದರು. ನಾನು ಒಳಗೆ ಬಂದು, ‘ಉದ್ದೇಶ ಹುಡುಕಬೇಡಿ, ಅದು ಕವಿಗೇ ಗೊತ್ತಿರುವುದಿಲ್ಲ, ಅರ್ಥ ಹುಟ್ಟುವುದು ಓದುವವರಲ್ಲಿ’ ಎನ್ನುತ್ತಿದ್ದೆ. ಮಕ್ಕಳು ಎರಡನ್ನೂ ಒಂದೇ ಪುಟದಲ್ಲಿ, ನಡುವೆ ಗೆರೆಯನ್ನೂ ಎಳೆಯದೆ ಬರೆದುಕೊಳ್ಳುತ್ತಿದ್ದರು. ಯಾರಿಗೂ ತೊಂದರೆಯಾಗಿರಲಿಲ್ಲ.

ಆ ವರ್ಷ ಬಾಡಿಗೆ ಬಸ್ಸು ಮಾಡಿ ಮಕ್ಕಳನ್ನು ಬೇಲೂರಿಗೂ ಹಳೇಬೀಡಿಗೂ ಕರೆದುಕೊಂಡು ಹೋದೆವು. ಬೇಲೂರಿನಲ್ಲಿ ಮುಖ್ಯಸ್ಥರು ಕಂಬಕ್ಕೊಂದರಂತೆ ಲಕ್ಷಣ ಹೇಳಿದರು. ಮಕ್ಕಳು ಶಿಲಾಬಾಲಿಕೆಯರ ಭಂಗಿಯಲ್ಲಿ ನಿಂತು ಫೋಟೋ ತೆಗೆದುಕೊಂಡರು. ಮಧ್ಯಾಹ್ನ ಹಳೇಬೀಡು. ಅಲ್ಲಿ ಗೋಡೆಯ ಕೆಳಸಾಲಿನ ಆನೆಗಳನ್ನು ತೋರಿಸುತ್ತ, ‘ಮಹಾಕಾವ್ಯ ಅಂದ್ರೆ ಇದು ಕಣ್ರೋ, ಅವಸರ ಇಲ್ಲ’ ಎಂದು ಶುರು ಮಾಡಿದರು. ಅವಸರ ನಿಜಕ್ಕೂ ಇರಲಿಲ್ಲ. ಒಬ್ಬೊಬ್ಬರೇ ಗೇಟಿನಾಚೆ ಸೌತೆಕಾಯಿ ಮಾರುವವಳ ಕಡೆ ಜಾರಿಕೊಂಡರು. ನಾನೂ ಜಾರಿಕೊಂಡೆ. ಜಾರಿಕೊಳ್ಳುವ ಮುನ್ನ ಕೊನೆಯದಾಗಿ ತಿರುಗಿ ನೋಡಿದಾಗ ಮುಖ್ಯಸ್ಥರು ದೇವಸ್ಥಾನದ ಕೆರೆಯ ಕಡೆಯ ಗೋಡೆಗೆ ಮುಖ ಮಾಡಿ, ನಂದಿ ಮಂಟಪದ ಪಕ್ಕ ನಿಂತು, ಕೊಡೆಯ ತುದಿಯಿಂದ ಏನನ್ನೋ ವಿವರಿಸುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಬಸ್ಸು. ಆಮೇಲೆ ಆ ‘ರೈಟ್’.

ಜಾವಗಲ್ಲಿನಲ್ಲಿ ಟೀಗೆ ನಿಂತಾಗ ಎಲ್ಲರ ಮುಖದಲ್ಲೂ ಏನೋ ನೆಮ್ಮದಿ ಕಂಡಿತು. ಯಾಕೆ ಇಷ್ಟು ನೆಮ್ಮದಿ ಎಂದು ಯೋಚಿಸಿದಾಗಲೇ ಮುಖ್ಯಸ್ಥರಿಲ್ಲ ಎಂದು ತಿಳಿದದ್ದು. ಫೋನ್ ಮಾಡಿದೆ. ಬಸ್ಸಿನೊಳಗೆ, ಅವರ ಸೀಟಿನ ಮೇಲಿನ ಚೀಲದಲ್ಲಿ ಅದು ರಿಂಗಾಯಿತು.

‘ಯಾರೋ ರೈಟ್ ಅಂದ್ರು ಸಾ, ನಾನ್ ಎತ್ದೆ. ರೈಟ್ ಅಂದ್ಮೇಲೆ ನಿಲ್ಸಕ್ಕಾಯ್ತದಾ?’ ಎಂದ ಡ್ರೈವರ್, ಬಸ್ಸು ತಿರುಗಿಸುತ್ತಾ. ನಾವು ಹಳೇಬೀಡು ತಲುಪುವಷ್ಟರಲ್ಲಿ ಅವರು ಬೇರೊಂದು ಬಸ್ಸು ಹತ್ತಿ, ದಾರಿಯಲ್ಲಿ ನಮ್ಮನ್ನೇ ದಾಟಿಕೊಂಡು ಅರಸೀಕೆರೆಗೆ ಹೋಗಿದ್ದರು.

ಮರುದಿನ ವಿಭಾಗದ ಕೋಣೆಗೆ ಕರೆಸಿಕೊಂಡರು.

‘ಬೇಕೂಂತ್ಲೇ ಬಿಟ್ಟು ಬಂದ್ರಿ ಕಣ್ರೀ ನೀವು. ಆ ಗೋಡೆ ಮುಂದಿಂದ ನಾನು ಒಂದು ಹೆಜ್ಜೆ ಕದಲಿಲ್ಲ. ಬಸ್ಸು ಹೊರಟಿದ್ದು ಕಂಡು ಅಲ್ಲೇ ನಿಂತು ಕೊಡೆ ಎತ್ತಿ ಕೂಗ್ದೆ. ನೀವು ಕಿಟಕೀಲಿ ನನ್ನ ನೋಡಿದ್ರಿ. ನೋಡಿ ಮುಖ ತಿರುಗಿಸಿದ್ರಿ.’

‘ಅಂಥ ಉದ್ದೇಶ ನಂಗಿರ್ಲಿಲ್ಲ ಸಾರ್.’

‘ಉದ್ದೇಶ! ಈಗ ಬಂತೇನ್ರೀ ಉದ್ದೇಶ? ಕ್ಲಾಸಲ್ಲಿ ಅದು ಇರೋದೇ ಇಲ್ಲ ಅಂತಿದ್ರಂತಲ್ಲ?’

ಆ ಮಾತಿಗಿಂತ ಕೆಟ್ಟದ್ದು ಇನ್ನೊಂದಾಯಿತು. ಅವರು ಹೇಳುತ್ತಿದ್ದ ಹಾಗೆಯೇ ಆ ಕೊಡೆ ನನಗೆ ಕಂಡಿತು. ಕಪ್ಪು ಕೊಡೆ, ಮೇಲೆತ್ತಿದ ಕೈ, ಬಾಯಿ ತೆರೆದ ಮುಖ. ಅವತ್ತಿನಿಂದ ಅದು ನನ್ನ ನೆನಪಿನಲ್ಲಿದೆ, ನನ್ನ ಮದುವೆಯ ದಿನಕ್ಕಿಂತ ಸ್ಪಷ್ಟವಾಗಿ.

ದೂರು ಪ್ರಿನ್ಸಿಪಾಲರ ಬಳಿಗೆ ಹೋಯಿತು. ಅವರು ವಾಣಿಜ್ಯಶಾಸ್ತ್ರದವರು. ಬಸ್ಸಿನಲ್ಲಿದ್ದ ಮಕ್ಕಳೆಲ್ಲ ನಡೆದದ್ದನ್ನು ಒಂದೊಂದು ಹಾಳೆಯಲ್ಲಿ ಬರೆದುಕೊಡಬೇಕೆಂದರು. ನನ್ನ ಮುಂದಿನ ವರ್ಷ ಆ ಹಾಳೆಗಳ ಮೇಲೆ ನಿಂತಿತ್ತು. ಮಕ್ಕಳಿಗೆ ಸಿಕ್ಕಿದ್ದು ಮಾತ್ರ ಇಡೀ ವರ್ಷದ ಪಾಠವನ್ನು ಪ್ರಯೋಗಿಸುವ ಮೊದಲ ಅವಕಾಶ. ಒಬ್ಬ ಏಕಾಂಕ ನಾಟಕ ಬರೆದಿದ್ದ, ತೆರೆ ಏಳುವುದರಿಂದ ಹಿಡಿದು ಬೀಳುವವರೆಗೆ. ಇನ್ನೊಬ್ಬ ಬಸ್ಸೇ ಮಾತಾಡುವ ಭಾವಗೀತೆ ಬರೆದು, ಸ್ಥಾಯೀಭಾವ ಶೋಕ ಎಂದು ಕೆಳಗೆ ನಮೂದಿಸಿದ್ದ.

‘ಇದ್ರಲ್ಲಿ ಬಸ್ಸು ಅಳ್ತಾ ಇದೆ ಕಣ್ರೀ’ ಎಂದರು ಪ್ರಿನ್ಸಿಪಾಲರು. ‘ನಾನು ಕೇಳಿದ್ದು ಯಾರು ರೈಟ್ ಅಂದ್ರು ಅಂತ.’

ಕೊನೆಯದು ಜಾವಗಲ್ಲಿನ ಹುಡುಗಿಯದು, ತರಗತಿಯಲ್ಲಿ ನನ್ನ ಪಾಠ ನಿಜಕ್ಕೂ ಕೇಳುತ್ತಿದ್ದ ಒಬ್ಬಳೇ ಒಬ್ಬಳು. ಅದನ್ನು ಅವರು ಗಟ್ಟಿಯಾಗಿಯೇ ಓದಿದರು. ‘ಯಾರು ರೈಟ್ ಅಂದರು ಎಂಬ ಪ್ರಶ್ನೆಯೇ ಸರಿಯಲ್ಲ. ಮಾತು ಆಡಿದವರದ್ದಲ್ಲ, ಕೇಳಿಸಿಕೊಂಡವರದ್ದು ಎಂದು ಸಾರ್ ಕಲಿಸಿದ್ದಾರೆ. ಆದ್ದರಿಂದ ರೈಟ್ ಅಂದವನು ಡ್ರೈವರೇ.’

‘ಸಾರ್ ಕಲಿಸಿದ್ದಾರಂತೆ’ ಎಂದು ಕನ್ನಡಕ ತೆಗೆದಿಟ್ಟರು. ‘ಏನ್ರೀ ಕಲಿಸ್ತಾ ಇದೀರ ನೀವು?’

ಸಿದ್ಧಾಂತ ಮನಸ್ಸಿಗೆ ಇಳಿದಿದೆ ಎಂದು ನನಗೆ ಹೆಮ್ಮೆಯಾಯಿತು. ಕೆಲಸ ಹೋಯಿತು ಎಂದೂ ಖಾತ್ರಿಯಾಯಿತು. ಹಾಳೆಗಳನ್ನು ಜೋಡಿಸಿ ಅವರು ಮುಖ್ಯಸ್ಥರಿಗೆ ಕಳಿಸಿದರು. ತೀರ್ಮಾನ ನಿಮ್ಮ ವಿಭಾಗದ್ದೇ ಎಂದುಬಿಟ್ಟರು.

ಅಷ್ಟರಲ್ಲಿ ಮುಖ್ಯಸ್ಥರು ಆ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಲು ತೊಡಗಿದ್ದರು. ಮೊದಲ ಸಲ ಅದರಲ್ಲಿ ಹಳೇಬೀಡಿನಲ್ಲಿ ಬಸ್ಸಿಗೆ ಕಾದದ್ದು, ಕಾಯಿಚೀಲಗಳ ನಡುವೆ ನಿಂತು ಬಂದದ್ದು ಮಾತ್ರ ಇತ್ತು. ಮುಂದಿನ ವಾರ ಸೂರ್ಯಾಸ್ತ ಸೇರಿತು. ಆಮೇಲೆ ಚಂದ್ರೋದಯ. ಜಾವಗಲ್ಲಿನಲ್ಲಿ ಎಳನೀರು ಕುಡಿದದ್ದು ಹದಿನೆಂಟು ವರ್ಣನೆಗಳಲ್ಲಿ ಮಧುಪಾನಕ್ಕೆ ಲೆಕ್ಕವಾಯಿತು. ಜಲಕ್ರೀಡೆ ಒಂದು ಬಾಕಿಯಿತ್ತು. ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ, ಆ ಸಂಜೆ ಬಾಣಾವರದ ಬಳಿ ಧಾರಾಕಾರ ಮಳೆಯಾಯಿತು. ಕಥೆ ಸ್ಟಾಫ್ ರೂಮಿನಿಂದ ತರಗತಿಗೂ ಬಂತು. ಮಹಾಕಾವ್ಯದ ಪಾಠವನ್ನು ಎಂದೂ ಕೇಳದ ಮಕ್ಕಳು ಇದನ್ನು ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಬಾಗಿಲ ಬಳಿ ಹಾದುಹೋದರೆ, ‘ಬನ್ರೀ, ಬನ್ರೀ’ ಎಂದು ಒಳಗೆ ಕರೆದು, ‘ಇವ್ರೇ ನೋಡ್ರಪ್ಪ’ ಎನ್ನುತ್ತಿದ್ದರು. ಇಡೀ ತರಗತಿ ತಿರುಗಿ ನನ್ನನ್ನು ನೋಡುತ್ತಿತ್ತು.

ಸಹಿಯ ದಿನ ಬಂದಾಗ ನಾನು ಬೇರೆ ಕಾಲೇಜುಗಳನ್ನು ವಿಚಾರಿಸಿಟ್ಟುಕೊಂಡೇ ಹೋಗಿದ್ದೆ. ಅವರು ಪೆನ್ನು ತೆಗೆದು ಸಹಿ ಹಾಕಿದರು.

‘ನಂಬಿದ್ರಾ ಸಾರ್ ನನ್ನ?’ ಎಂದೆ.

‘ನಂಬೋದಾ? ನೀವು ಹೋದ್ರೆ ಮುಂದಿನ್ ವರ್ಷದ ಮಕ್ಕಳಿಗೆ ಯಾರನ್ರೀ ತೋರ್ಸ್ಲಿ? ಖಳನಾಯಕ ಇಲ್ದೆ ಕಾವ್ಯ ನಡೀತದಾ?’

ಹೀಗೆ ನನಗೆ ಪ್ರತಿವರ್ಷ ಸಹಿಯಾಗುತ್ತಿದೆ. ಪ್ರತಿವರ್ಷ ಕೊಡೆ ಮೇಲೇಳುತ್ತದೆ, ನಾನು ಮುಖ ತಿರುಗಿಸುತ್ತೇನೆ. ಈಗೀಗ ಅವರು ಹೇಳುವಾಗ ನಾನೂ ತಲೆಯಾಡಿಸುತ್ತೇನೆ. ನನಗೂ ಕಂಡಿದೆಯಲ್ಲ.

ಕಳೆದ ರಜೆಯಲ್ಲಿ ತಡೆಯಲಾರದೆ ಒಬ್ಬನೇ ಹಳೇಬೀಡಿಗೆ ಹೋದೆ. ನಂದಿ ಮಂಟಪದ ಪಕ್ಕ, ಕೆರೆಯ ಕಡೆಯ ಗೋಡೆಯ ಮುಂದೆ, ಅವರು ಒಂದು ಹೆಜ್ಜೆಯೂ ಕದಲಲಿಲ್ಲವೆನ್ನುವ ಜಾಗದಲ್ಲಿ ನಿಂತು, ಬಸ್ಸು ನಿಂತಿದ್ದ ಕಡೆ ತಿರುಗಿದೆ. ಈ ಸಂಗತಿಯನ್ನು ಅವರಿಗಿನ್ನೂ ಹೇಳಿಲ್ಲ, ಈ ವರ್ಷದ ಸಹಿ ಬಾಕಿಯಿದೆ. ಅಲ್ಲಿಂದ ಗೇಟಾಗಲಿ ರಸ್ತೆಯಾಗಲಿ ಕಾಣುವುದಿಲ್ಲ. ನಡುವೆ ಇಡೀ ದೇವಸ್ಥಾನವಿದೆ.