ಎರಡು ಬಾಗಿಲಿನ ಮನೆಗೆ ಬಂದ ಕಾಗದ

ಆ ಮನೆಯ ಒಡತಿಗೂ ನನಗೂ ಮೊದಲ ದಿನದಿಂದಲೇ ಸರಿಬರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಮದುವೆಯಾದ ಹೊಸತರಲ್ಲಿ ಮೈಸೂರಿನಿಂದ ಅಮೆರಿಕದ ಬರ್ಕ್ಲಿಗೆ ಬಂದಿದ್ದೆ. ನನ್ನ ಗಂಡ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧಕರಾಗಿದ್ದರು. ಅವರ ಲ್ಯಾಬಿಗೆ ಗಾಜಿನ ಉಪಕರಣಗಳನ್ನು ಊದಿ ಮಾಡಿಕೊಡುತ್ತಿದ್ದ ಒಬ್ಬಾತ ತನ್ನ ಅಕ್ಕನ ಮನೆಯ ಮಹಡಿಯನ್ನು ನಮಗೆ ಬಾಡಿಗೆಗೆ ಕೊಡಿಸಿದ್ದ.

ಕೆಳಗಿನ ಮನೆಗೆ ಎರಡು ಬಾಗಿಲು. ಮುಂದಿನ ಅರ್ಧದಲ್ಲಿ ಅಕ್ಕ, ಹಿಂದಿನ ಅರ್ಧದಲ್ಲಿ ತಮ್ಮ. ಅಕ್ಕ ಐವತ್ತು ದಾಟಿದವಳು, ಮದುವೆಯಾಗದವಳು, ಹೈಸ್ಕೂಲಿನಲ್ಲಿ ಗಣಿತದ ಟೀಚರು. ತಮ್ಮನಿಗೆ ನಲವತ್ತರ ಮೇಲೆ, ಹೆಂಡತಿ ಬಿಟ್ಟುಹೋಗಿದ್ದಳು. ಒಂದೇ ಸೂರಿನ ಕೆಳಗಿದ್ದೂ ಅಕ್ಕತಮ್ಮಂದಿರ ನಡುವೆ ಮಾತಿರಲಿಲ್ಲ, ನಮ್ಮ ಬಾಡಿಗೆಯ ವಿಷಯವೂ ಚೀಟಿಯಲ್ಲೇ ನಡೆದಿತ್ತು.

ಅಕ್ಕನ ಕಟ್ಟುಪಾಡುಗಳು ನಮಗೂ ಚೀಟಿಗಳಲ್ಲೇ ಬರುತ್ತಿದ್ದವು. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿರಬೇಕು. ಮೆಟ್ಟಿಲ ಮೇಲೆ ಚಪ್ಪಲಿ ಬಿಡಕೂಡದು. ಟಪಾಲಿನ ಡಬ್ಬಿಯನ್ನು ಯಾರೂ ಮುಟ್ಟಕೂಡದು. ಎಲ್ಲರ ಕಾಗದಗಳನ್ನು ನಾನೇ ವಿಂಗಡಿಸಿ ಕೊಡುತ್ತೇನೆ. ಒಮ್ಮೆ ನಾನು ಉತ್ತರವಾಗಿ ಬರೆದ ಚೀಟಿ, ಸ್ಪೆಲ್ಲಿಂಗ್ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆಸಿಕೊಂಡು ವಾಪಸು ಬಂತು. ಆಕೆ ಆಡುತ್ತಿದ್ದ ಇಂಗ್ಲಿಷಿನ ‘ಯೂ’ ನನ್ನ ಕಿವಿಗೆ ಯಾವಾಗಲೂ ‘ನೀನು’ ಎಂದೇ ಬೀಳುತ್ತಿತ್ತು, ಅದೂ ಮನೆಗೆಲಸದವಳನ್ನು ಗದರುವ ‘ನೀನು’. ಅಮ್ಮನಿಗೆ ಬರೆದ ಕಾಗದಗಳಲ್ಲೆಲ್ಲ ನಾನು ಆಕೆಯನ್ನು ಬೈದೇ ಬೈದೆ.

ಅವರ ಕಥೆ ನನಗೆ ಗೊತ್ತಾದದ್ದು ತಮ್ಮನಿಂದ. ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಇಳಿದಿದ್ದೆ. ಆತ ಟೊಮೆಟೊ ಗಿಡಗಳಿಗೆ ನೀರು ಬಿಡುತ್ತ, ಬಸ್ಸಿನ ವೇಳಾಪಟ್ಟಿ ಓದುವವನ ಹಾಗೆ ಹೇಳಿದ. ಅವರು ಹಾಲೆಂಡಿನ ಯಹೂದಿಗಳು. ಜರ್ಮನರು ಅಪ್ಪ ಅಮ್ಮನನ್ನೂ ನಡುವಿನ ಇಬ್ಬರು ಹುಡುಗರನ್ನೂ ರೈಲಿನಲ್ಲಿ ತುಂಬಿಕೊಂಡು ಹೋದರು. ನಾಲ್ವರಲ್ಲಿ ಒಬ್ಬರೂ ಮರಳಲಿಲ್ಲ. ಅದಕ್ಕೆ ಮೊದಲೇ ಯಾರೋ ಪುಣ್ಯಾತ್ಮರು ಹನ್ನೊಂದರ ಅಕ್ಕನನ್ನೂ ಎರಡರ ತಮ್ಮನನ್ನೂ ಬೇರೆ ಬೇರೆ ಕಡೆ ಬಚ್ಚಿಟ್ಟಿದ್ದರು. ಅಕ್ಕ ಮೂರು ವರ್ಷ ಆರು ಮನೆಗಳ ಅಟ್ಟಗಳಲ್ಲಿ ಅಡಗಿ ಬದುಕಿದಳು. ತಮ್ಮ ಒಬ್ಬ ರೈತ ಹೆಂಗಸಿನ ಮಗನಾಗಿ ಬೆಳೆದ. ಯುದ್ಧ ಮುಗಿದ ಮೇಲೆ ಅಕ್ಕ ಬಂದು ಅವನನ್ನು ಕರೆದೊಯ್ದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ದೂರದ ಚಿಕ್ಕಪ್ಪನೊಬ್ಬ ಇಬ್ಬರನ್ನೂ ಹಡಗು ಹತ್ತಿಸಿ ಕರೆಸಿಕೊಂಡ.

“ಐದು ವರ್ಷದವನಿಗೆ ನನಗೆ ಗೊತ್ತಿದ್ದ ತಾಯಿ ಆ ರೈತ ಹೆಂಗಸೊಬ್ಬಳೇ. ನನ್ನನ್ನು ಅವಳ ಕೈಯಿಂದ ಕಿತ್ತುಕೊಂಡು ಬಂದವಳು ಆ ಬಾಗಿಲ ಹಿಂದೆ ಇದ್ದಾಳೆ,” ಎಂದ.

ಆ ತಾಯಿ ಕಾಗದ ಬರೆಯಲಿಲ್ಲವೇ ಎಂದು ಕೇಳಿದೆ. ಒಂದು ಸಾಲೂ ಇಲ್ಲ, ತನ್ನವೇ ಮೂರು ಮಕ್ಕಳಿದ್ದವು, ನನ್ನನ್ನು ಮರೆತಳು ಎಂದು ನೀರಿನ ಪೈಪನ್ನು ನೆಲಕ್ಕೆ ಎಸೆದು ಒಳಗೆ ಹೋದ.

ಮುಂದಿನ ವಸಂತದಲ್ಲಿ ಅಕ್ಕ ಪಿತ್ತಕೋಶದ ಆಪರೇಷನ್ನಿಗೆಂದು ಒಂದು ವಾರ ಆಸ್ಪತ್ರೆಗೆ ಸೇರಿದಳು. ಡಬ್ಬಿಗೆ ಬಂದದ್ದೆಲ್ಲ ತಾನು ಬರುವವರೆಗೆ ಹಾಗೆಯೇ ಇರಲಿ ಎಂದು ಚೀಟಿ ಅಂಟಿಸಿ ಹೋಗಿದ್ದಳು. ನಾನು ಅಮ್ಮನ ಕಾಗದಕ್ಕಾಗಿ ಕಾಯುತ್ತಿದ್ದೆ. ಮೂರನೆಯ ದಿನ ತಡೆಯಲಾರದೆ ಡಬ್ಬಿ ತೆಗೆದೆ. ಅಮ್ಮನ ಕಾಗದ ಇರಲಿಲ್ಲ. ಒಂದು ತೆಳು ನೀಲಿ ಲಕೋಟೆಯಿತ್ತು, ಹಾಲೆಂಡಿನ ಅಂಚೆಚೀಟಿ, ತಮ್ಮನ ಹೆಸರು.

ಗೊತ್ತಿಲ್ಲದೆ ಕೊಟ್ಟೆ ಎಂದು ಇಂದಿಗೂ ಹೇಳಲಾರೆ. ಆ ಡಬ್ಬಿಗೆ ಅಷ್ಟು ಕಾವಲು ಏಕೆಂದು ಆ ಗಳಿಗೆಯಲ್ಲೇ ಹೊಳೆಯಿತು. ಆಕೆಯ ಗುಟ್ಟು ನನ್ನ ಕೈಗೆ ಸಿಕ್ಕಿತೆಂಬ ಖುಷಿಯೂ ಆಯಿತು. ಸಂಜೆ ಆತ ಕೆಲಸದಿಂದ ಬಂದ ಕೂಡಲೇ ಇಳಿದು ಹೋಗಿ ಕೈಗಿತ್ತೆ.

ಐದು ವರ್ಷಕ್ಕೇ ನಿಂತುಹೋದ ಡಚ್ ಭಾಷೆ ಆತನದು. ಮರುದಿನ ಲೈಬ್ರರಿಯಿಂದ ನಿಘಂಟು ತಂದು, ಹಿಂದಿನ ಮೆಟ್ಟಿಲ ಮೇಲೆ ಕೂತು, ಪದ ಪದ ಹುಡುಕಿ ಓದಿದ. ಬಳಿಕ ಮೇಲೆ ಬಂದು ನಮ್ಮಿಬ್ಬರಿಗೂ ಸಾಕುತಾಯಿಯ ಆ ಕಾಗದದ ಅರ್ಥ ಹೇಳಿದ. ನಿನ್ನ ಪ್ರತಿ ಹುಟ್ಟುಹಬ್ಬಕ್ಕೂ ಬರೆದಿದ್ದೇನೆ, ಈಗ ಕಣ್ಣು ಹೋಗಿದೆ, ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಉದ್ದದ ಉತ್ತರ ಬೇಡ, ಬದುಕಿದ್ದೀಯಾ ಎಂದಷ್ಟೇ ತಿಳಿಸು.

ಆತ ಹೋದ ಮೇಲೆ ನನ್ನ ಗಂಡ ನನ್ನತ್ತ ತಿರುಗಿದರು. “ಅವರಿಬ್ಬರ ಮಧ್ಯೆ ನಿಂಗ್ಯಾಕೆ ಬೇಕಿತ್ತು? ಲೆಟರು ಬಾಕ್ಸಲ್ಲೇ ಇರ್ಲಿ ಅಂತ ಬಿಡೋಕಾಗ್ಲಿಲ್ವಾ?”

“ಅವ್ರ ಹೆಸ್ರಿತ್ತು, ಅವ್ರಿಗೇ ಕೊಟ್ಟೆ ಕಣ್ರೀ.”

“ಏನಾಗುತ್ತೆ ಅಂತ ನಿಂಗೆ ಗೊತ್ತಿತ್ತು,” ಎಂದರು.

ಶನಿವಾರ ಬೆಳಿಗ್ಗೆ ಅಕ್ಕ ಆಸ್ಪತ್ರೆಯಿಂದ ಬಂದಳು. ಮಧ್ಯಾಹ್ನದ ಹೊತ್ತಿಗೆ ತಮ್ಮ ಆಕೆಯ ಬಾಗಿಲು ಬಡಿದ. ನಾವು ಮೇಲೆ ಊಟಕ್ಕೆ ಕೂತಿದ್ದೆವು. ತಟ್ಟೆಯಲ್ಲಿ ಕಲಸಿದ ಅನ್ನ ಹಾಗೆಯೇ ಉಳಿಯಿತು. ಮೊದಲು ಇಂಗ್ಲಿಷಿನಲ್ಲಿ, ಬಳಿಕ ಡಚ್ ಭಾಷೆಯಲ್ಲಿ ಕಿತ್ತಾಡಿದರು. ಆ ಭಾಷೆಯಲ್ಲಿ ತಮ್ಮನಿಗೆ ಬೈಗುಳ ಸಾಲಲಿಲ್ಲ, ಮತ್ತೆ ಇಂಗ್ಲಿಷಿಗೆ ಬಂದ. ಆಕೆ ಇಲ್ಲವೆನ್ನಲಿಲ್ಲ. ಹೌದು, ಎಲ್ಲ ಕಾಗದಗಳನ್ನೂ ನಾನೇ ತೆಗೆದಿಟ್ಟೆ ಎಂದದ್ದು ನಮಗೂ ಕೇಳಿಸಿತು. ಏನೋ ಒಡೆಯಿತು. ಬಾಗಿಲು ಬಡಿದುಕೊಂಡಿತು.

ಮರುದಿನ ಆಕೆ ಹೊಟ್ಟೆಯ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು ಎಂದಳು. ಅವರವರ ಕಾಗದ ಅವರವರಿಗೆ ಸೇರಬೇಕಲ್ಲವೇ ಎಂದು ನಾನೂ ದನಿಯೇರಿಸಿದೆ.

“ನಾವು ನಾಲ್ಕು ಮಕ್ಕಳಿದ್ದೆವು. ಕೊನೆಗೆ ನನಗೆ ಉಳಿದವನು ಇವನೊಬ್ಬ,” ಎಂದಳು. “ಆ ಹೆಂಗಸಿನ ಮನೆ ತುಂಬ ಮಕ್ಕಳು. ಇವನನ್ನೂ ಅವಳಿಗೇ ಬಿಟ್ಟು ಬರಬೇಕಿತ್ತೇ? ಹೇಳು.”

“ಕಾಗದ ಕೊಡಬಹುದಿತ್ತು.”

“ಕೊಟ್ಟಿದ್ದರೆ ಹೋಗಿಬಿಡುತ್ತಿದ್ದ.”

ಕುರ್ಚಿ ಕೊಡಲು ನನಗೆ ಮನಸ್ಸು ಬರಲಿಲ್ಲ. ಆಕೆ ಗೋಡೆ ಹಿಡಿದುಕೊಂಡೇ ಇಳಿದು ಹೋದಳು. ಆ ಸಂಜೆ ತಮ್ಮನ ಬಾಗಿಲ ಮುಂದೆ ಒಂದು ತಗಡಿನ ಪೆಟ್ಟಿಗೆ ಕಂಡೆ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಳಗೆಲ್ಲ ಲಕೋಟೆಗಳು, ಒಂದನ್ನೂ ಒಡೆದಿರಲಿಲ್ಲ, ಒಂದನ್ನೂ ಸುಟ್ಟಿರಲಿಲ್ಲ.

ಆತ ಮುಂದಿನ ವಾರವೇ ಹಾಲೆಂಡಿಗೆ ಹೊರಟ. ಹತ್ತು ದಿನಕ್ಕೆ ತಿರುಗಿ ಬಂದಾಗ ನಾವು ಪೆಟ್ಟಿಗೆಗಳನ್ನು ಕಟ್ಟುತ್ತಿದ್ದೆವು. ಮುಖದಲ್ಲಿ ನೆಮ್ಮದಿ ಕಾಣಬಹುದೆಂದುಕೊಂಡಿದ್ದೆ. ಹೋದಾಗಿನದಕ್ಕಿಂತ ಹೆಚ್ಚು ಸಿಟ್ಟಿನಲ್ಲಿದ್ದ. ಮುದುಕಿ ಮುಖ ಸವರಿ ಗುರುತು ಹಿಡಿದಳಂತೆ, ಬಹಳ ಹೊತ್ತು ಅತ್ತಳಂತೆ, ಬಳಿಕ ಒಂದು ವಿಷಯ ಒಪ್ಪಿಕೊಂಡಳಂತೆ. ಅಕ್ಕ ಹುಡುಕಿಕೊಂಡು ಬಂದಾಗ ಆಕೆ, ನಿನ್ನ ತಮ್ಮ ಜ್ವರ ಬಂದು ಸತ್ತ ಎಂದು ಹೇಳಿದ್ದಳು. ಹಾಗಾದರೆ ಗೋರಿ ತೋರಿಸಿ ಎಂದಿದ್ದಳು ಹದಿನಾಲ್ಕರ ಹುಡುಗಿ. ತೋರಿಸಲು ಗೋರಿ ಇರಲಿಲ್ಲ. ಹುಡುಗಿ ಎರಡು ದಿನ ಊಟವಿಲ್ಲದೆ ಗೇಟಿನ ಹೊರಗೆ ಕೂತಳು. ಬಚ್ಚಿಟ್ಟಿದ್ದ ಹುಡುಗ ಕೊನೆಗೆ ಬಾತುಕೋಳಿಗಳ ಹಿಂದೆ ಓಡಿ ತಾನೇ ಅಂಗಳಕ್ಕೆ ಬಂದುಬಿಟ್ಟ.

“ಒಬ್ಬಳು, ಅವನು ಸತ್ತ ಅಂದಳು. ಇನ್ನೊಬ್ಬಳು, ಆಕೆ ನಿನ್ನನ್ನು ಮರೆತಳು ಅಂದಳು,” ಎಂದ. “ನಿನಗೆ ಯಾರು ಬೇಕು ಅಂತ ಇಬ್ಬರೂ ಕೇಳಲಿಲ್ಲ.”

ನನಗೂ ಒಂದು ಕೃತಜ್ಞತೆಯ ಮಾತು ಸಿಗಲಿಲ್ಲ. ಆ ಲಕೋಟೆ ಸಿಗದಿದ್ದರೆ ಒಬ್ಬಳ ಮೇಲೆ ಮಾತ್ರ ಸಿಟ್ಟಿರುತ್ತಿತ್ತು, ಈಗ ಇಬ್ಬರ ಮೇಲೂ ಆಯಿತು ಎಂದು ನಮ್ಮ ಸಾಮಾನಿಗೂ ಕೈ ಹಾಕದೆ ಒಳಗೆ ಹೋದ. ಆ ಬೇಸಿಗೆಯಲ್ಲೇ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಐವತ್ತು ಮೈಲಿ ದೂರದ ಲಾಸ್ ಗ್ಯಾಟೋಸ್ ಕಡೆ ಮನೆ ಮಾಡಿದನೆಂದು ನನ್ನ ಗಂಡನಿಂದ ತಿಳಿಯಿತು.

ಅಕ್ಕನನ್ನು ಮತ್ತೆ ನೋಡಿದ್ದು ನಾಲ್ಕೈದು ವರ್ಷಗಳ ಬಳಿಕ, ಬಸ್ಸಿನಲ್ಲಿ. ನನ್ನ ತೊಡೆಯ ಮೇಲೆ ಮಗಳಿದ್ದಳು. ಆಕೆ ಎದುರಿನ ಸೀಟಿನಿಂದ ಮಗುವನ್ನು ದಿಟ್ಟಿಸಿ, ಇಷ್ಟು ಗಾಳಿಗೆ ಟೋಪಿ ಹಾಕದೆ ಕರೆತರುವುದೇ ಎಂದಳು. ಉತ್ತರ ಕೊಡಬಾರದೆಂದುಕೊಂಡೆ. ಆದರೆ ಬಾಯಿ ಸುಮ್ಮನಿರದೆ, ತಮ್ಮ ಹೇಗಿದ್ದಾನೆ ಎಂದು ಕೇಳಿಬಿಟ್ಟೆ.

“ಆ ಹೆಂಗಸು ಹೋದ ವರ್ಷ ತೀರಿಕೊಂಡಳು,” ಎಂದಳು. “ಅಂದಿನಿಂದ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಜಗಳ ಆಡುವುದಕ್ಕೆ.”

“ನೀವು ಏನು ಮಾಡುತ್ತೀರಿ?”

“ನಾನೂ ಆಡುತ್ತೇನೆ.”

ತನ್ನ ಸ್ಟಾಪ್ ಬಂದಾಗ ಎದ್ದಳು. ನನ್ನನ್ನು ಕ್ಷಮಿಸಿದಂತೆ ಕಾಣಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ. ಇಳಿಯುವ ಮುನ್ನ ಮಗುವಿನ ಕೋಟಿನ ಮೇಲಿನ ಗುಂಡಿಯನ್ನು, ನನ್ನನ್ನು ಕೇಳದೆಯೇ, ಬಿಗಿಯಾಗಿ ಹಾಕಿ ಹೋದಳು.